ಹಸಿರು ಸಂಚಿಯ ಎರಡು ಪಂಪು

ಅಕ್ಕೋರ ಸೊಂಟದಲ್ಲಿ ಯಾವಾಗಲೂ ಒಂದು ಹಸಿರು ಸಂಚಿ ಸಿಕ್ಕಿಸಿರುತ್ತಿತ್ತು. ನೋಡಿದವರು ಎಲೆ ಅಡಿಕೆ ಅಂದುಕೊಳ್ಳಬೇಕು. ಒಳಗಿದ್ದದ್ದು ದಮ್ಮಿನ ಎರಡು ಪಂಪು, ಒಂದು ನೀಲಿ, ಒಂದು ಕಂದು. ಬಸ್ಸಿರಲಿ, ಮದುವೆ ಪಂಕ್ತಿಯಿರಲಿ, ಉಸಿರು ಕಟ್ಟಿದರೆ ನೀಲಿಯದನ್ನು ತೆಗೆದು ಎಲ್ಲರೆದುರೇ ಎಳೆಯುತ್ತಿದ್ದರು. ಯಾರಾದರೂ ಮಿಕಮಿಕ ನೋಡಿದರೆ, "ಎಂತ ನೋಡೂದು? ಕನ್ನಡಕ ಹಾಕ್ದವರನ್ನೂ ಹೀಂಗೇ ನೋಡ್ತೀರಾ?" ಎಂದು ಗದರುತ್ತಿದ್ದರು. ಶಾಲೆಯ ಟೀಚರ್ ಕೆಲಸದಿಂದ ನಿವೃತ್ತರಾಗಿದ್ದರು, ಗದರುವುದರಿಂದ ಆಗಿರಲಿಲ್ಲ.

ಬೊಬ್ರುವಾಡದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಬೇಲಿ. ಊರಿಗೆ ಮೊಬೈಲ್ ಹೊಸದಾಗಿ ಬಂದ ಕಾಲ. ನನಗೂ ದಮ್ಮಿತ್ತು, ಆದರೆ ಮನೆಯಲ್ಲಿ ಅಪ್ಪ, ಆಯಿ ಅದನ್ನು ಥಂಡಿ ಎನ್ನುತ್ತಿದ್ದರು. ದಮ್ಮಿನ ಹುಡುಗಿಗೆ ಸಂಬಂಧ ಯಾರು ತರುತ್ತಾರೆ? ಕಾರವಾರದ ಕಾಲೇಜು ಸೇರಿದ ಮೊದಲ ಮಳೆಗಾಲವನ್ನು ನಾನು ಹಾಸಿಗೆಯಲ್ಲೇ ಕಳೆದೆ. "ಬರೂ ಮಳೆಗಾಲಕ್ಕೂ ಹೀಂಗೇ ಆದ್ರೆ ಕಾಲೇಜು ಸಾಕು" ಎಂದ ಅಪ್ಪ. ನನಗೆ ಓದಲೇಬೇಕಿತ್ತು. ಇದು ಕಿವಿಗೆ ಬಿದ್ದದ್ದೇ ಅಕ್ಕೋರು ನನ್ನನ್ನು ತಾವು ತೋರಿಸುವ ಕಾರವಾರದ ಡಾಕ್ಟರರ ಬಳಿ ಕರೆದೊಯ್ದರು.

ಡಾಕ್ಟರು ಮೆಟ್ಟಿಲಿನ ಲೆಕ್ಕದಲ್ಲಿ ಹೇಳಿದರು. ಕಂದು ಪಂಪು ಆರಾಮಿದ್ದರೂ ದಿನಕ್ಕೆರಡು ಸಲ, ನೀಲಿ ಕಷ್ಟವಾದಾಗ ಮಾತ್ರ. ದಮ್ಮು ಹಿಡಿತಕ್ಕೆ ಬರದಿದ್ದರೆ ಒಂದು ಮೆಟ್ಟಿಲು ಮೇಲೆ, ಅಂದರೆ ಹೆಚ್ಚಿನ ಔಷಧ. ಮೂರು ತಿಂಗಳು ಸರಿಯಿದ್ದರೆ ಅವರೇ ಒಂದು ಮೆಟ್ಟಿಲು ಇಳಿಸುತ್ತಾರೆ.

ಎರಡು ತಿಂಗಳಾದರೂ ನನ್ನ ಏದುಸಿರು ನಿಲ್ಲಲಿಲ್ಲ. ಮತ್ತೆ ಹೋದಾಗ ಡಾಕ್ಟರು ಕೇಳಿದರು, ದಿನಾ ತಗೊಳ್ತೀಯಾ? ಹೂಂ ಎಂದೆ. ಮೇಲಿನ ಮೆಟ್ಟಿಲಿನ ಔಷಧ ಬರೆಯಲು ಅವರು ಪೆನ್ನು ತೆಗೆದರು.

"ತಂಗೀ, ಕಂದು ಪಂಪು ತೋರ್ಸು," ಎಂದರು ಅಕ್ಕೋರು.

ನನ್ನ ಚೀಲದಲ್ಲಿ ನೀಲಿಯದು ಮಾತ್ರ ಇತ್ತು. ತಲೆ ತಗ್ಗಿಸಿದೆ. "ಆಯಿ ಮಳೆಗಾಲಕ್ಕೆ ತೆಗ್ದಿಟ್ಟಾಳೆ."

ಮನೆಯಲ್ಲಿ ಒಣಸೀಗಡಿ, ಉಪ್ಪು ಹಾಕಿದ ಹುಣಸೆಹಣ್ಣಿನ ಪಕ್ಕದ ಡಬ್ಬಿಯಲ್ಲಿ ಅದು ತುಂಬಿದ್ದು ತುಂಬಿದ ಹಾಗೇ ಕುಳಿತಿತ್ತು. ಆಯಿಗೆ ಮಳೆಗಾಲದ ಸಾಮಾನು ಬೇಸಿಗೆಯಲ್ಲಿ ಮುಟ್ಟುವುದು ಪಾಪ.

"ಡಾಕ್ಟರೇ, ಪೆನ್ನು ಕೆಳಗಿಡಿ. ಇವಳು ಮೊದ್ಲನೇ ಮೆಟ್ಲಿಗೇ ಕಾಲಿಟ್ಟಿಲ್ಲ!"

ಅಕ್ಕೋರು ಬಸ್ಸಿಳಿದವರೇ ನೇರ ನಮ್ಮ ಅಡುಗೆಮನೆಗೆ ಬಂದರು. "ಒಣಮೀನು ಇಟ್ಟಾಂಗೆ ಔಷಧ ಇಡೂದಲ್ಲ ಮಾರಾಯ್ತಿ. ಈಗ ತಕಂಡ್ರೇ ಮಳೆಗಾಲದಾಗೆ ಉಸಿರು ಚಲೋ ಇರೂದು." ಆಯಿ ಮುಖ ಊದಿಸಿಕೊಂಡೇ ಡಬ್ಬಿ ತೆರೆದಳು.

ಮರುದಿನದಿಂದ ಬೆಳಿಗ್ಗೆ ಸಂಜೆ ಅವರ ಜಗಲಿಯಲ್ಲಿ ನನ್ನ ಹಾಜರಿ. ಉಸಿರು ಪೂರಾ ಬಿಟ್ಟು, ನಿಧಾನ ಎಳೆದು, ಹತ್ತು ಎಣಿಸುವ ತನಕ ಹಿಡಿದು, ಕೊನೆಗೆ ದಾಸವಾಳದ ಬುಡಕ್ಕೆ ಬಾಯಿ ಮುಕ್ಕಳಿಸಿ ಉಗುಳಬೇಕು. ತಪ್ಪಿದರೆ ಮೊದಲಿನಿಂದ ಕಲಿಸುವರು. ನೀಲಿ ಪಂಪು ಎಳೆದ ದಿನ ಕ್ಯಾಲೆಂಡರಿನಲ್ಲಿ ಗುರುತು. ಅವರದು ಕೆಂಪು ಶಾಯಿ, ನನ್ನದು ನೀಲಿ. ಆಷಾಢದ ಮಳೆಗೆ ನನ್ನ ಗುರುತು ಹೆಚ್ಚಿ ಡಾಕ್ಟರು ಒಂದು ಮೆಟ್ಟಿಲು ಏರಿಸಿದಾಗ, ಸೋತೆನೆಂದು ಅತ್ತುಬಿಟ್ಟೆ. ಅಕ್ಕೋರು ಗದರಿದರು. "ನಾ ಎಷ್ಟು ಸಲ ಹತ್ತಿ ಇಳ್ದಿದ್ದೆ ಗೊತ್ತಾ? ಮೂಗು ಒರೆಸ್ಕೋ. ಕಾಲೇಜಿಗೆ ಹೊತ್ತಾತು."

ಆ ಮಳೆಗಾಲ ಕಾಲೇಜು ತಪ್ಪಿದ್ದು ನಾಲ್ಕೇ ದಿನ. ಅಪ್ಪ ಮುಂದಿನ ವರ್ಷದ ಬಸ್ ಪಾಸಿಗೆ ಫೋಟೋ ತೆಗೆಸಲು ತಾನೇ ಅಂಕೋಲೆಗೆ ಕರೆದೊಯ್ದ. ಇಂದು ನಾನೂ ತೋಡೂರಿನ ಶಾಲೆಯ ಮಕ್ಕಳಿಗೆ ಅಕ್ಕೋರು.

ನಮ್ಮ ಅಕ್ಕೋರು ತೀರಿಕೊಂಡದ್ದು ಒಂದು ಶ್ರಾವಣದ ಮಧ್ಯಾಹ್ನ, ಹೃದಯ ನಿಂತು. ಅಂಗಳದಲ್ಲಿ ನೆರೆದವರು "ಅಂತೂ ದಮ್ಮು ಅವರನ್ನ ತಕಂಡೋಯ್ತು" ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಜಗಲಿಯ ಕ್ಯಾಲೆಂಡರ್ ಕಿತ್ತು ತಂದು ಅವರ ಮುಂದೆ ಹಿಡಿದೆ. ಆ ತಿಂಗಳಲ್ಲಿ ಒಂದೂ ಕೆಂಪು ಗುರುತಿರಲಿಲ್ಲ.

"ಓದ್ಕೊಳ್ಳಿ," ಎಂದೆ. ಆಮೇಲೆ ಅಲ್ಲೇ ಕುಳಿತು ಅತ್ತೆ. ಸಂಜೆ ಹೊತ್ತಾದಾಗ ಎಲ್ಲರೆದುರೇ ನನ್ನ ಕಂದು ಪಂಪು ಎಳೆದು, ಹತ್ತು ಎಣಿಸಿ, ದಾಸವಾಳದ ಬುಡಕ್ಕೆ ಹೋಗಿ ಬಾಯಿ ಮುಕ್ಕಳಿಸಿದೆ.