ಕಪ್ಪು ಬಂಪರಿನ ಬಿಳಿ ಕಲೆ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ನಾಲ್ಕಾರು ಲೇತ್ ಯಂತ್ರಗಳು, ಹತ್ತು ಹನ್ನೆರಡು ಜನ ಕೆಲಸಗಾರರು, ಎಲ್ಲರ ಮೇಲೆ ಒಬ್ಬ ಓನರ್. ಅವರ ಕಣ್ಣಿಗೆ ಬೀಳಬೇಕು, ಭೇಷ್ ಅನ್ನಿಸಿಕೊಳ್ಳಬೇಕು ಎನ್ನುವ ಚಪಲ ಆಗ ನನಗೆ ವಿಪರೀತ ಇತ್ತು. ಈಗ ನೆನೆದರೆ ನನ್ನ ಮೇಲೆ ನನಗೇ ರೇಗುತ್ತದೆ.

ಆ ವರ್ಷ ಓನರ್ ಹೊಸ ಕಾರು ತೆಗೆದುಕೊಂಡಿದ್ದರು. ಕೆಂಪು ಬಣ್ಣದ ಕಾರು. ಹಿಂದೆ ಮುಂದೆ ಕಪ್ಪು ಪ್ಲಾಸ್ಟಿಕ್ಕಿನ ಬಂಪರ್, ಬಾಗಿಲುಗಳ ಉದ್ದಕ್ಕೂ ಅದೇ ಕಪ್ಪು ಪಟ್ಟಿ. ಅದರ ಡ್ರೈವರ್ ಮಾದನಾಯಕನಹಳ್ಳಿ ಕಡೆಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಸಾರ್ ಎನ್ನುತ್ತಿದ್ದ. ನಾನು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನು ಅನ್ನುವುದೊಂದೇ ಅದಕ್ಕೆ ಕಾರಣ.

ಆಯುಧಪೂಜೆಗೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಯಾರು ಯಾವ ಯಂತ್ರ ಹಿಡಿಯುತ್ತಾರೋ ಅದನ್ನು ತೊಳೆಯುವವರೂ ಅವರೇ, ಪೂಜೆ ಮಾಡುವವರೂ ಅವರೇ. ಇನ್ನೊಬ್ಬರು ಕೈ ಹಾಕುವಂತಿಲ್ಲ. ಕಾರಿನ ಪೂಜೆ ಡ್ರೈವರನದು. ಮಂಗಳಾರತಿ ಆದ ಮೇಲೆ ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವುದೂ ಅವನೇ. ಹೊಸ ಕಾರಿನ ಮೊದಲ ಪೂಜೆ ಎಂದು ಅವನು ಹೆಂಡತಿ ಮಗಳಿಗೂ ಬರಲು ಹೇಳಿದ್ದ.

ಹಿಂದಿನ ಸಂಜೆ ಅವನು ಪೂಜೆಗೆಂದು ಕಾರ್ಖಾನೆಯಲ್ಲೇ ಬಿಟ್ಟಿದ್ದ ಕಾರು ತೊಳೆದು ಒರೆಸಿ, ಬೂದುಗುಂಬಳಕಾಯಿ, ಚೆಂಡುಹೂವು ತರಲು ಹೋದ. ಡಿಕ್ಕಿಯಲ್ಲಿ ವ್ಯಾಕ್ಸ್ ಪಾಲಿಶಿನ ಡಬ್ಬಿ ಇರುವುದು ನನಗೆ ಗೊತ್ತಿತ್ತು. ಬೆಳಿಗ್ಗೆ ಓನರ್ ಬಂದು, 'ಯಾರಪ್ಪ ಇಷ್ಟು ಹೊಳೆಯೋ ಹಾಗೆ ಮಾಡಿದ್ದು?' ಎಂದು ಕೇಳುತ್ತಾರೆ, ನಾನು ಸಂಕೋಚದಿಂದ ನಗುತ್ತೇನೆ, ಇಷ್ಟೇ ನನ್ನ ಲೆಕ್ಕಾಚಾರ. ಬಟ್ಟೆಗೆ ಮೇಣ ಹಚ್ಚಿಕೊಂಡು ಕೆಂಪು ತಗಡು, ಕಪ್ಪು ಪ್ಲಾಸ್ಟಿಕ್ ಒಂದನ್ನೂ ಬಿಡದೆ ತಿಕ್ಕಿದೆ. ಮಬ್ಬು ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು.

ಬೆಳಿಗ್ಗೆ ಬಿಸಿಲು ಬಿತ್ತು. ತಗಡು ಕನ್ನಡಿಯಾಗಿತ್ತು, ಪ್ಲಾಸ್ಟಿಕ್ ಮಾತ್ರ ಸುಣ್ಣ ಚೆಲ್ಲಿದ ಹಾಗಿತ್ತು. ಆ ತರಿತರಿ ಮೈಯ ಸಂದುಗಳಲ್ಲಿ ಮೇಣ ಕೂತು ಒಣಗಿ ಬೆಳ್ಳಗಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾಯ, ಆರಿದ ಕೂಡಲೇ ಮತ್ತೆ ಹಾಜರ್. ಬೇರೆ ದಾರಿ ತೋಚದೆ, ದೇವರ ಪಟದ ಮುಂದಿದ್ದ ವಿಭೂತಿ ಕಲಸಿ ಮುಂದಿನ ಬಂಪರಿನ ಮೇಲೆ ಮೂರು ದಪ್ಪ ಗೆರೆ ಎಳೆದೆ. ನಮ್ಮ ಮನೆಯಲ್ಲಿ ತಿಜೋರಿಯಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ವಿಭೂತಿ ಇಡುತ್ತಾರೆ, ಬಂಪರಿಗೆ ಇಟ್ಟರೆ ಯಾರು ಕೇಳುತ್ತಾರೆ ಎಂದುಕೊಂಡೆ. ಬಾಗಿಲಿನ ಪಟ್ಟಿಗಳಿಗೆಲ್ಲ ವಿಭೂತಿ ಬಳಿಯುವಷ್ಟು ಭಕ್ತಿ ಮಾತ್ರ ತೋರಿಸಲಾಗಲಿಲ್ಲ.

ಓನರ್ ಬಂದವರೇ ಆ ಪಟ್ಟಿಗಳನ್ನೇ ನೋಡಿದರು.

"ಏನಯ್ಯ ಇದು? ಹೊಸ ಗಾಡಿ ಕಣಯ್ಯ! ಏನು ಬಳಿದಿದ್ದೀಯ?"

ಹೆಂಡತಿ ಮಗಳನ್ನು ಕರೆದುಕೊಂಡು ಆಗತಾನೇ ಬಂದಿದ್ದ ಡ್ರೈವರ್ ತಬ್ಬಿಬ್ಬಾಗಿ ಬಗ್ಗಿ ನೋಡಿದ. "ನಾನೇನೂ ಆಕಿಲ್ಲ ಸಾರ್. ನೀರಲ್ಲಿ ತೊಳ್ದಿದ್ದು ಅಷ್ಟೇಯ."

"ಸುಳ್ಳು ಬೇರೆ ಹೇಳ್ತೀಯ? ನಿನ್ನ ಬಿಟ್ಟು ಇನ್ಯಾರು ಮುಟ್ತಾರೆ ಈ ಗಾಡೀನ?"

ನಾನು ಎರಡು ಮಾರು ದೂರದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆಯ ಕರ್ಪೂರ ಸರಿಮಾಡಿದೆ. ಓನರ್ ಅವನ ಕೈಯಿಂದ ಕೀ ಕಿತ್ತುಕೊಂಡು ನನಗೆ ಕೊಟ್ಟರು. "ನಿನಗೆ ಡ್ರೈವಿಂಗ್ ಬರುತ್ತಲ್ಲ, ನೀನೇ ಪೂಜೆ ಮಾಡಿ ಹತ್ತಿಸು." ಅವನ ಹೆಂಡತಿ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಮಗಳು, "ಅಪ್ಪಾ, ನೀನು ಓಡ್ಸಲ್ವಾ?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ನಾನು ಪೂಜೆ ಮಾಡಿದೆ, ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನಂಥ ಹೇಡಿ ಇನ್ನೊಬ್ಬನಿಲ್ಲ ಎಂದು ಆ ಸೀಟಿನಲ್ಲಿ ಕೂತಾಗಲೇ ಗೊತ್ತಾಯಿತು.

ಹಬ್ಬ ಕಳೆದು ಕಾರ್ಖಾನೆ ತೆರೆದ ದಿನ ಅವನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿಸಿನೀರು, ಸೋಪಿನ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡು ತಿಕ್ಕುತ್ತಿದ್ದ. ಪೇಂಟ್ ಕರಗಿಸುವ ಥಿನ್ನರ್ ಕೊಡಲೇ ಎಂದೆ. "ಬ್ಯಾಡಿ ಸಾರ್, ಅದು ಪ್ಲಾಸ್ಟಿಕ್ಕೇ ತಿಂದಾಕ್ತದೆ. ಪೆನ್ಸಿಲ್ ಅಳಿಸೋ ರಬ್ಬರ್ ಇದ್ರೆ ಕೊಡಿ." ಸ್ಟೋರ್ಸಿನಿಂದ ಎರಡು ರಬ್ಬರ್ ತಂದು ಒಂದನ್ನು ನಾನೂ ಹಿಡಿದು ಕೂತೆ. ಉಜ್ಜಿದಂತೆಲ್ಲ ಮೇಣ ರಬ್ಬರಿನ ಚೂರುಗಳ ಜೊತೆ ಉದುರಿ, ಅಂಗುಲ ಅಂಗುಲವಾಗಿ ಕಪ್ಪು ಹೊರಬಂತು. ನಾನು ವಿಭೂತಿ ಎಳೆದಿದ್ದ ಜಾಗವೇ ಎಲ್ಲಕ್ಕಿಂತ ಹಟ ಮಾಡಿತು. ಅಲ್ಲಿ ಉಜ್ಜುವಾಗ ತಡೆಯಲಾಗಲಿಲ್ಲ.

"ಅಣ್ಣ, ಪಾಲಿಶ್ ಹಚ್ಚಿದ್ದು ನಾನು."

ಅವನ ಕೈ ನಿಂತಿತು. ಬೈದಿದ್ದರೆ ಬದುಕುತ್ತಿದ್ದೆ.

"ನಂಗ್ಯಾಕೆ ಯೋಳ್ತೀರಾ ಸಾರ್? ನಾನು ಆಕಿಲ್ಲ ಅಂತ ನಂಗೊತ್ತಲ್ವಾ. ಓಗಿ ಅವ್ರಿಗೆ ಒಂದು ಮಾತು ಯೋಳಿ. ಸುಳ್ಳುಗಾರ ಅಂದ್ಬುಟ್ರು, ನನ್ ಮಗಳ ಮುಂದೆ."

ಎದ್ದು ಹೋದೆ. ಹೇಳಿಬಿಡಬೇಕು ಎಂದೇ ಹೋದೆ, ಇದು ಸತ್ಯ. ಓನರ್ ತಲೆ ಎತ್ತಿ, "ಏನು?" ಎಂದರು. ನನ್ನ ಬಾಯಿಂದ ಬಂದದ್ದು, "ಸಾರ್, ಬಂಪರ್ ಕ್ಲೀನ್ ಆಯ್ತು." ಅವರು ನಕ್ಕರು. "ನೀನು ನಿಂತು ಮಾಡಿಸಿದೆ ಅಂತ ಆಯ್ತು. ಗುಡ್." ಆ ಗುಡ್ ಕೇಳುವುದಕ್ಕೇ ಅಲ್ಲವೇ ನಾನು ಡಬ್ಬಿ ತೆರೆದದ್ದು!

ಹೊರಗೆ ಲೇತ್‌ಗಳ ಸದ್ದು. ಒಳಗಿನ ಮಾತು ಅವನಿಗೆ ಕೇಳಿಸಿರಲಿಲ್ಲ. "ಏನಂದ್ರು ಸಾರ್?" ಎಂದ.

"ಹೇಳಿದೆ ಅಣ್ಣ. ಆಯ್ತು ಬಿಡು ಅಂದ್ರು."

ಅವನ ಮುಖ ಅರಳಿತು. ಅವತ್ತಿಡೀ ಅವನು ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಡಬ್ಬಿಯ ಹುರುಳಿಕಾಳಿನ ಸಾರನ್ನು ನನಗೂ ಬಡಿಸಿದ. ತಿಂದೆ.

ಸಂಜೆ ಓನರ್ ಹೊರಟಾಗ ಅವನು ಹಿಂದಿನ ಬಾಗಿಲು ತೆರೆದು, ಎಂದೂ ಇಲ್ಲದ ಹಾಗೆ ನೆಟ್ಟಗೆ, ಅವರ ಮುಖವನ್ನೇ ನೋಡುತ್ತ ನಿಂತ. ಒಂದು ಮಾತು ಬರುತ್ತದೆ ಎಂದು ಕಾಯುತ್ತಿದ್ದ. ಓನರ್ ಬಾಗಿಲಿನ ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸಿ, "ಇನ್ಮೇಲಾದ್ರೂ ಗಾಡಿಗೆ ಹಾಳುಮೂಳು ಬಳಿಯೋಕೆ ಹೋಗ್ಬೇಡ" ಎಂದು ಹೇಳಿ ಒಳಗೆ ಕೂತರು.

ಅವನು ಬಾಗಿಲು ಮುಚ್ಚಿ, ಕಾರಿನ ಆ ಕಡೆಯಿಂದ ತಲೆ ಎತ್ತಿ ನನ್ನನ್ನು ನೋಡಿದ.