ನಕ್ಷತ್ರಕ್ಕೆ ಶ್ರದ್ಧಾಂಜಲಿ

ಹೋದ ವರ್ಷ ಸೇಡಂನ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನನ್ನ ತಂಗಿಯ ಮೇಜಿನ ಹತ್ತಿರ ಬಂದವರು ನಾಲ್ವರು. ಅವರಲ್ಲಿ ಮೂವರು ಕುಡಿಯುವ ನೀರು ಎಲ್ಲಿದೆ ಎಂದು ಕೇಳಲು ಬಂದಿದ್ದರು. ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಉಳಿದವರೆಲ್ಲ ಸೋಡಾ ಉಕ್ಕಿಸುವ ಜ್ವಾಲಾಮುಖಿಯ ಸುತ್ತ ನಿಂತಿದ್ದರು. ಈ ವರ್ಷ ಅವಳು ಒಂಬತ್ತನೇ ತರಗತಿ. "ಈ ಸಲನೂ ಯಾರೂ ಕೇಳ್ಲಿಲ್ಲಂದ್ರ ನಾ ಮತ್ತ ನಿಂದ್ರಂಗಿಲ್ಲ ನೋಡು" ಎಂದು ಮೊದಲೇ ಹೇಳಿಬಿಟ್ಟಳು.

ಅವಳ ವಿಷಯ, ಸ್ಫೋಟಗೊಂಡ ನಕ್ಷತ್ರದ ಅವಶೇಷ. ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರದಲ್ಲಿ ಕೆಂಪು, ನೀಲಿ ಎಳೆಗಳು ಒಡೆದ ಬಳೆಯಂತೆ ಹರಡಿದ್ದವು. ಅದನ್ನು ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿ, 'ನಕ್ಷತ್ರದ ಮರಣ, ಒಂಬತ್ತನೇ ತರಗತಿ' ಎಂದು ಬರೆದೆ.

ಪ್ರದರ್ಶನದ ಬೆಳಿಗ್ಗೆ ಫ್ಲೆಕ್ಸ್ ಬಿಚ್ಚಿದರೆ ನಕ್ಷತ್ರ ಅಂಡಾಕಾರದ ಚೌಕಟ್ಟಿನೊಳಗೆ ಕುಳಿತಿತ್ತು. ಸುತ್ತ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ದೀಪ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ದುಃಖತಪ್ತರು: ಒಂಬತ್ತನೇ ತರಗತಿ ಹಾಗೂ ಬಂಧುಮಿತ್ರರು'. ಬದಲಿಸಲು ಹೊತ್ತಿರಲಿಲ್ಲ. ತಂಗಿ ಅಳುತ್ತಲೇ ಅದನ್ನು ಗೇಟಿನ ಪಕ್ಕದ ತನ್ನ ಮೇಜಿನ ಹಿಂದೆ ಕಟ್ಟಿದಳು.

ಎದುರಿನ ಚಹಾದಂಗಡಿಯವರು ಅರ್ಧ ಶಟರ್ ಎಳೆದು, ಚಪ್ಪಲಿ ಬಿಟ್ಟು ಬಂದರು. ಅವರ ಹಿಂದೆ ಗಿರಾಕಿಗಳೂ ಬಂದರು.

"ಯಾವಾಗ ಹೋದ್ರವ್ವಾ?"

"ಸಾವಿರಾರು ವರ್ಷ ಆತ್ರಿ ಕಾಕಾ. ಬೆಳಕು ಈಗ ಬಂದು ಮುಟ್ಟ್ಯಾದ."

"ಚಿಂಚೋಳಿ ಬಸ್ಸಿಗೆ ಬಂದಿರಬೇಕು," ಎಂದರು ಹಿಂದಿನಿಂದ ಯಾರೋ.

"ಸುಮ್ನಿರೋ, ಸತ್ತಲ್ಲಿ ನಗಬಾರ್ದು."

ಒಬ್ಬ ಅಜ್ಜಿ ಸೆರಗನ್ನು ಬಾಯಿಗೆ ಹಿಡಿದು ಕೇಳಿದರು: "ಹಿಂದ ಯಾರ್ಯಾರು ಅದಾರ?"

ತಂಗಿ ಅಳುವುದನ್ನು ಮರೆತಳು. "ನಾವೇ ಅದೀವಿ ಆಯಿ. ನಮ್ಮ ಎಲುಬಿನಾಗಿನ ಸುಣ್ಣ, ರಕ್ತದಾಗಿನ ಕಬ್ಬಿಣ, ಶಹಾಬಾದ್ ಕಲ್ಲು, ಈ ಸಿಮೆಂಟ್ ಧೂಳು, ಎಲ್ಲಾ ಇಂಥಾ ಸತ್ತ ಚುಕ್ಕಿಗಳಿಂದನೇ ಬಂದಾವ್ರಿ."

"ಹಂಗಂದ್ರ ನಮ್ಮ ಮಂದೀನೇ," ಎಂದು ಅಜ್ಜಿ ಅಲ್ಲೇ ಕುಳಿತರು. ಉಳಿದವರೂ ಕುಳಿತರು. ಸಾವು ಹೇಗಾಯಿತೆಂದು ಪೂರ್ತಿ ಕೇಳದೆ ಎದ್ದುಹೋಗುವ ರೂಢಿ ನಮ್ಮಲ್ಲಿಲ್ಲ. ತಂಗಿ ನಕ್ಷತ್ರದ ಒಡಲು ಕುಸಿದದ್ದರಿಂದ ಹಿಡಿದು ಸಿಡಿದದ್ದರವರೆಗೆ ಬಿಡಿಸಿ ಹೇಳಿದಳು. ಹೊಸಬರು ಬಂದಂತೆಲ್ಲ ಮತ್ತೆ ಮೊದಲಿನಿಂದ ಹೇಳಿದಳು. ಜ್ವಾಲಾಮುಖಿಯ ಹುಡುಗರೂ ಬಂದು ಕುಳಿತರು.

ಮಧ್ಯಾಹ್ನ ಮುಖ್ಯ ಗುರುಗಳು ಫ್ಲೆಕ್ಸ್ ತೆಗೆಸಲು ಬಂದರು.

"ಮೂರು ದಿನ ಆಗಲಾರ್ದೆ ಹೆಂಗ ತೆಗಿತೀರಿ ಸರ?" ಎಂದು ಚಹಾದವರು ಅಡ್ಡ ನಿಂತರು. ಗುರುಗಳು ಸುತ್ತ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದರು.

ಸಂಜೆ ಬರೆದ ಲೆಕ್ಕ: ಎಪ್ಪತ್ತೊಂದು ಮಂದಿ. ನೀರು ಕೇಳಿದವರು ಯಾರೂ ಇಲ್ಲ.

ಮನೆಗೆ ಬರುವಾಗ ತಂಗಿಯ ದನಿ ಪೂರಾ ಬಿದ್ದುಹೋಗಿತ್ತು. ಆದರೂ ಹೇಳಿದಳು: "ಅಣ್ಣಾ, ಮುಂದಿನ ವರ್ಷಕ್ಕ ಯಾವ್ದು ಸತ್ತದ, ಈಗ್ಲೇ ಹುಡುಕಿಡು."