ಸೋದರಮಾವ ಮುಟ್ಟುವವರೆಗೆ

ನಮ್ಮ ಕಾಲೇಜಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಏಳುವುದು ಮೊಬೈಲು. ಒಂದು ಫೋಟೊ, ಕೆಳಗೊಂದು ಮಿಣುಕುವ ದೀಪ, ಓಂ ಶಾಂತಿ. ಅಳು ಆಮೇಲೆ. ಜಯನಗರದ ಈ ಕಾಲೇಜಿನಲ್ಲಿ ಪಾಠ ಮಾಡುತ್ತ ಮಾಡುತ್ತ ನನಗೂ ಅದು ರೂಢಿಯಾಗಿಬಿಟ್ಟಿತ್ತು.

ಕಳೆದ ವರ್ಷ ನಮ್ಮ ಕೊನೆಯ ವರ್ಷದ ಬಿ.ಕಾಂ. ಹುಡುಗಿಯೊಬ್ಬಳು ಜ್ವರ ಏರಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಫ್ರಿಕಾದ ಮಲಾವಿಯಿಂದ ಓದಲು ಬಂದವಳು. ನಕ್ಕರೆ ಪಕ್ಕದ ಕ್ಲಾಸಿಗೂ ಕೇಳಿಸುತ್ತಿತ್ತು. ಅದಕ್ಕಾಗಿ ನನ್ನಿಂದ ಬೈಸಿಕೊಂಡು ಮತ್ತೆ ನಗುತ್ತಿದ್ದಳು.

ಆಸ್ಪತ್ರೆಯ ಹೊರಗೆ ಅವಳ ರೂಮಿನ ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವಳೂ ಅದೇ ಊರ ಕಡೆಯವಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ಮೇಡಂ, ಯಾರೂ ಏನೂ ಹಾಕಬಾರದು. ಅವಳ ಅಮ್ಮನಿಗೆ ಇನ್ನೂ ಗೊತ್ತಿಲ್ಲ" ಎಂದಳು. ಮಗಳಿಗೆ ಹುಷಾರಿಲ್ಲ ಎಂಬುದಷ್ಟೇ ತಾಯಿಗೆ ತಿಳಿದಿತ್ತು. ಅವರ ಮನೆಗಳಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲವಂತೆ. ಸೋದರಮಾವ ಹೋಗಿ ಎದುರು ಕೂತು ಹೇಳಬೇಕು. ಅವರು ದೂರದ ಪಟ್ಟಣದಲ್ಲಿ ಬಸ್ಸು ಹತ್ತಿದ್ದರು, ಊರು ಮುಟ್ಟುವುದು ಮರುದಿನ. ಅಷ್ಟರೊಳಗೆ ಇಲ್ಲಿಯ ಒಂದು ಫೋಟೊ ಕೈಯಿಂದ ಕೈಗೆ ದಾಟಿ ತಾಯಿಯ ಪಕ್ಕದ ಮನೆಯ ಫೋನಿಗೆ ಬಿದ್ದರೆ ಮುಗಿಯಿತು.

ನನಗೆ ಹಟ ಬಂತು. ಸ್ಟೇಟಸ್ ಹಾಕಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ ತೆಗೆಸಿದೆ. "ಗೌರವಕ್ಕೆ ಹಾಕಿದ್ದು ಮೇಡಂ" ಎಂದ ಒಬ್ಬ. "ಗೌರವ ಇದ್ರೆ ತೆಗಿಯಪ್ಪ" ಎಂದೆ. ಪ್ರಿನ್ಸಿಪಾಲರು ಮರುದಿನ ಬೆಳಿಗ್ಗೆ ಮೌನಾಚರಣೆ, ಆಮೇಲೆ ರಜೆ, ಕಾಲೇಜಿನ ಪೇಜಿನಲ್ಲಿ ಫೋಟೊ ಎಂದು ಆಗಲೇ ನಿರ್ಧರಿಸಿದ್ದರು. ಅವರ ಮುಂದೆ ಮುಲಾಜಿಲ್ಲದೆ ನಿಂತೆ. ಫೋಟೊ ಬೇಡ, ರಜೆ ಕೊಟ್ಟರೂ ಸುದ್ದಿ ಹಬ್ಬುತ್ತದೆ, ಎಂದಿನಂತೆ ಕ್ಲಾಸು ನಡೆಯಲಿ ಎಂದೆ. ಗೊಣಗಿಕೊಂಡೇ ಒಪ್ಪಿದರು.

ಇಷ್ಟರಲ್ಲಿ ಗೆಳತಿಯ ಫೋನು. ಜರಗನಹಳ್ಳಿಯಲ್ಲಿ ಅವರಿದ್ದ ಮನೆಯ ಮುಂದೆ ಫ್ಲೆಕ್ಸ್ ಬಂದಿದೆ! ಆಟೊ ಹಿಡಿದು ಓಡಿದೆ. ಕಂಬದಿಂದ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ನಮ್ಮ ಹುಡುಗಿ ನಗುತ್ತಿದ್ದಳು, ಮೇಲೆ ದಪ್ಪಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಒಂದಿಬ್ಬರು ಹುಡುಗರು ಫೋಟೊ ತೆಗೆಯುತ್ತಿದ್ದರು. ಗದರಿಸಿ ಅಳಿಸಿಹಾಕಿಸಿದೆ.

ಮನೆ ಮಾಲೀಕರು ಹಳೆಯ ಊರಿನವರು, ಹೊಲವಿದ್ದ ಜಾಗದಲ್ಲೇ ಬಾಡಿಗೆ ಮನೆ ಕಟ್ಟಿಸಿದವರು. ನನ್ನ ಮಾತಿಗೆ ಮುಖ ಕೆಂಪು ಮಾಡಿಕೊಂಡರು. "ನಮ್ ಮನೇಲಿ ಇದ್ದ ಮಗು ಮೇಡಂ. ಫ್ಲೆಕ್ಸ್ ಹಾಕಿಸ್ದೆ ಇದ್ರೆ ಏರಿಯಾದವ್ರು ಏನಂತಾರೆ? ದಿಕ್ಕಿಲ್ಲದೋಳ ಥರ ಕಳಿಸಿಬಿಟ್ರು ಅನ್ನಲ್ವಾ?"

"ಅವ್ರಮ್ಮಂಗೆ ಇನ್ನೂ ಹೇಳಿಲ್ಲ ಸಾರ್. ಸೋದರಮಾವ ಹೋಗಿ ಹೇಳ್ಬೇಕು, ದಾರೀಲಿದ್ದಾರೆ."

ಅವರು ತಲೆಯೆತ್ತಿ ಫ್ಲೆಕ್ಸಿನ ಕಡೆ ನೋಡಿದರು. "ನಮ್ಮಪ್ಪ ಹೋದಾಗ ನಮ್ಮಕ್ಕಂಗೂ ಸೀರಿಯಸ್ಸು ಅಂತಾನೇ ಹೇಳಿ ಕರೆಸ್ಕೊಂಡಿದ್ದು. ಬಾಗಿಲಲ್ಲಿ ನಮ್ಮವ್ವ ಹಿಡ್ಕೊಂಡು ಹೇಳಿದ್ಲು" ಎಂದರು. ಏಣಿ ತಂದು, ತಾವೇ ಹತ್ತಿ ಹಗ್ಗ ಕತ್ತರಿಸಿದರು. ಫ್ಲೆಕ್ಸನ್ನು ಮುಖ ಒಳಗಾಗುವಂತೆ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಕ್ಲಾಸು ತುಂಬಿತ್ತು. ಹಾರವಿಲ್ಲ, ಫೋಟೊ ಇಲ್ಲ. ಗೆಳತಿ ತನ್ನ ಜಾಗದಲ್ಲಿ ನೆಟ್ಟಗೆ ಕೂತಿದ್ದಳು. ಯಾರಾದರೊಬ್ಬರು ಬಿಕ್ಕಿದರೆ ಎಲ್ಲರೂ ಒಡೆದುಹೋಗುತ್ತಾರೆಂದು ಮಕ್ಕಳಿಗೂ ಗೊತ್ತು, ನನಗೂ ಗೊತ್ತು. ಹಲ್ಲು ಕಚ್ಚಿಕೊಂಡು ತೆರಿಗೆಯ ಪಾಠ ಶುರು ಮಾಡಿದೆ. ಬೋರ್ಡಿನ ಮೇಲೆ ತಪ್ಪು ತಪ್ಪಾಗಿ ಬರೆದೆ, ಅವರು ಹಾಗೇ ಬರೆದುಕೊಂಡರು. ಅಷ್ಟು ಶಿಸ್ತಾಗಿ ಆ ಮಕ್ಕಳು ಎಂದೂ ನನ್ನ ಪಾಠ ಕೇಳಿರಲಿಲ್ಲ. ಅವರ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು.

ಪಾಠದ ನಡುವೆ ಗೆಳತಿಯ ಫೋನು ಅಲುಗಿತು. ಹೊರಗೆ ಹೋದಳು. ನಾನು ಬರೆಯುವುದನ್ನು ನಿಲ್ಲಿಸಿದೆ. ತಿರುಗಿ ಬಂದವಳು ಬಾಗಿಲಲ್ಲೇ ನಿಂತಳು.

"ಮಾವ ಹೇಳಿದ್ರಂತೆ ಮೇಡಂ. ಆಮೇಲೆ ಅವಳ ಅಮ್ಮನೇ ಅವರ ಕೈಯಿಂದ ಫೋನ್ ತಗೊಂಡ್ರು."

"ಏನಂದ್ರು?"

"ಮಾವನ ಬಾಯಿಂದಲೇ ನಾನು ಕೇಳಲಿ ಅಂತ ನೀವೆಲ್ಲ ನಿನ್ನೆಯಿಂದ ಬಾಯಿ ಬಿಗಿಹಿಡಿದು ಕೂತಿದ್ದೀರಂತೆ, ಸಾಕು ಮಗಳೇ, ಇನ್ನು ಅಳಿ ಅಂದ್ರು."